ಚಿಂತಾಮಣಿ ರಘುನಾಥಾಚಾರಿಗಳು: ಮದರಾಸಿನ ವೇಧಶಾಲೆಯ ಒಬ್ಬ ನೌಕರರ ಜೀವನ

ರಾತ್ರಿ ಹತ್ತೂವರೆಗೆ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಮೇಜು ಒರೆಸಿ, ಲೆಕ್ಕ ಒಪ್ಪಿಸಿ, ಸೆಕೆ ತಾಳಲಾರದೆ ಮೆರೀನಾ ತೀರಕ್ಕೋ ಮಹಡಿಯ ಬಿಸಿಲುಮಚ್ಚಿಗೋ ಹೋಗಿ ಒರಗುವ ಅಭ್ಯಾಸ ತ್ರಿಪ್ಲಿಕೇನಿನಲ್ಲಿ ವಾಸಿಸುವ ನಮ್ಮವರಲ್ಲಿ ಬಹು ಮಂದಿಗೆ ಉಂಟು. ಆಗ ತಲೆಯ ಮೇಲೆ ಕಾಣುವ ನಕ್ಷತ್ರಗಳನ್ನು ನಾವು ದಿನವೂ ನೋಡುತ್ತೇವೆ. ಆದರೆ ಅವುಗಳಲ್ಲಿ ಒಂದಕ್ಕೆ ಈ ಊರಿನ ನೌಕರರೊಬ್ಬರ ಹೆಸರು ಸೇರಿಕೊಂಡಿದೆಯೆಂಬುದನ್ನು ಅರಿತವರು ವಿರಳ. ಇಲ್ಲಿಂದ ಒಂದೆರಡು ಮೈಲಿ ದೂರದ ನುಂಗಂಬಾಕದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ರಾತ್ರಿಯ ಪಾಳಿ ಮಾಡಿದ ಆ ಮಹನೀಯರೇ ಚಿಂತಾಮಣಿ ರಘುನಾಥಾಚಾರಿಗಳು. ಅವರ ಜೀವನವನ್ನು ಇಂದು ವಾಚಕರ ಮುಂದಿಡಲು ನಮಗೆ ಎರಡು ಕಾರಣಗಳಿವೆ. ಅವರು ಪದವಿಯ ಬಲವಿಲ್ಲದೆ ಕೆಲಸದ ಬಲದಿಂದ ಮೇಲೆ ಬಂದವರು. ಎರಡನೆಯದಾಗಿ, ಮದರಾಸಿನಲ್ಲಿ ಕುಳಿತು ಕನ್ನಡಿಗರಿಗಾಗಿ ಕನ್ನಡದಲ್ಲಿಯೇ ಖಗೋಳ ವಿಷಯವನ್ನು ಅಚ್ಚು ಹಾಕಿಸಿದವರು.

ಹತ್ತೊಂಬತ್ತನೆಯ ಶತಮಾನದ ಇಪ್ಪತ್ತರ ದಶಕದಲ್ಲಿ ಪಂಚಾಂಗ ಗಣಿಸುವ ಮನೆತನವೊಂದರಲ್ಲಿ ಅವರು ಜನಿಸಿದರು. ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳ ಲೆಕ್ಕ ಅವರಿಗೆ ಮನೆಯ ಮಾತಿನಷ್ಟೇ ಸಹಜವಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತಿ ಪದವಿ ಪಡೆದು ಬಂದವರು ಅವರಲ್ಲ. 1840ರ ದಶಕದಲ್ಲಿ, ಇನ್ನೂ ತರುಣರಾಗಿರುವಾಗಲೇ, ಮದರಾಸಿನ ವೇಧಶಾಲೆಯಲ್ಲಿ ಕೆಳಗಿನ ದರ್ಜೆಯ ಕೆಲಸಕ್ಕೆ ಸೇರಿದರು. ಮನೆಯಲ್ಲಿ ಕಲಿತ ಗಣಿತವೂ ಅಲ್ಲಿ ಕಣ್ಣಾರೆ ಕಂಡ ಆಕಾಶವೂ ಅವರಲ್ಲಿ ಒಂದಾದುವು. ಅವರ ಬಾಳಿನ ಸಾರ್ಥಕತೆಯೆಲ್ಲ ಈ ಕೂಟದಲ್ಲಿಯೇ ಇದೆ ಎನ್ನಬಹುದು.

ಆ ವೇಧಶಾಲೆಯ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ವಿಲಿಯಂ ಪೆಟ್ರಿ ಎಂಬ ಅಧಿಕಾರಿ 1786ರಲ್ಲಿ ಸ್ವಂತ ಹವ್ಯಾಸಕ್ಕಾಗಿ ಇಟ್ಟುಕೊಂಡಿದ್ದ ಉಪಕರಣಗಳಿಂದ ಅದು ಆರಂಭವಾಯಿತು. 1792ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ನುಂಗಂಬಾಕದಲ್ಲಿ ಅದಕ್ಕೆ ಕಟ್ಟಡ ಕಟ್ಟಿಸಿತು. ಉಪಕರಣವನ್ನು ನಿಲ್ಲಿಸಲು ಅಂದು ನೆಟ್ಟ ಕಗ್ಗಲ್ಲಿನ ಕಂಬ ಇಂದಿಗೂ ಕಾಲೇಜ್ ರಸ್ತೆಯ ಹವಾಮಾನ ಕಚೇರಿಯ ಆವರಣದಲ್ಲಿ ಉಳಿದಿದೆ. ತಮಿಳು ತೆಲುಗುಗಳಲ್ಲಿಯೂ ಅದರ ಮೇಲೆ ಶಾಸನ ಕೊರೆದಿದ್ದಾರೆ.

ಅಲ್ಲಿಯ ಮುಖ್ಯ ಕೆಲಸ ನಕ್ಷತ್ರಗಳ ಸ್ಥಾನವನ್ನು ಅಳೆಯುವುದು. ಉತ್ತರ ದಕ್ಷಿಣವಾಗಿ ಮಾತ್ರ ತಿರುಗುವ ಒಂದು ದೂರದರ್ಶಕ, ಅದರ ಕಣ್ಣಿನಲ್ಲಿ ಜೇಡನ ಎಳೆಯಂಥ ಸಣ್ಣ ತಂತುಗಳು, ಪಕ್ಕದಲ್ಲಿ ಗಡಿಯಾರ. ನಕ್ಷತ್ರವು ತಂತುವನ್ನು ದಾಟುವ ಕ್ಷಣವನ್ನು ಸೆಕೆಂಡಿನ ಭಾಗದವರೆಗೂ ಬರೆದಿಡಬೇಕು. ಎಷ್ಟು ಎತ್ತರದಲ್ಲಿ ದಾಟಿತೆಂಬುದನ್ನು ವೃತ್ತದ ಮೇಲಿನ ಗೆರೆಗಳಿಂದ ಓದಬೇಕು. ಒಂದಾದ ಮೇಲೆ ಒಂದು, ರಾತ್ರಿಯಾದ ಮೇಲೆ ರಾತ್ರಿ, ಮೋಡವಿಲ್ಲದ ದಿನವೆಲ್ಲ ಇದೇ ಕೆಲಸ. ಹಗಲಿನಲ್ಲಿ ಅದೆಲ್ಲವನ್ನೂ ಲೆಕ್ಕ ಮಾಡಿ ಪಟ್ಟಿಗೆ ಏರಿಸುವುದು. ದಿನವಿಡೀ ಕಚೇರಿಯ ಲೆಡ್ಜರಿನ ಮುಂದೆ ಕುಳಿತವರಿಗೆ ಈ ಕೆಲಸದ ಬೇಸರವೂ ಬೆಲೆಯೂ ತಿಳಿಯದಿರದು. ಹೀಗೆ ನಕ್ಷತ್ರಗಳಿಂದ ತಿದ್ದಿದ ಗಡಿಯಾರವೇ ಮದರಾಸಿನ ಕಾಲವನ್ನು ಕೊಡುತ್ತಿತ್ತು. 1870ರಿಂದ 1905ರವರೆಗೆ ಹಿಂದೂಸ್ಥಾನದ ರೈಲುಗಳು ಓಡಿದ್ದು ಈ ಮದರಾಸು ಕಾಲವನ್ನು ಅನುಸರಿಸಿ. ಊರಿಗೆ ಹೋಗುವ ರೈಲಿನ ಗಡಿಯಾರವನ್ನು ಒಂದು ಕಾಲಕ್ಕೆ ಇಂಥ ನೌಕರರ ಕಣ್ಣುಗಳೇ ನಡೆಸುತ್ತಿದ್ದುವೆಂದರೆ ತಪ್ಪಾಗದು.

1861ರಲ್ಲಿ ನಾರ್ಮನ್ ಪೋಗ್ಸನ್ ಎಂಬ ಆಂಗ್ಲ ಖಗೋಳಜ್ಞರು ವೇಧಶಾಲೆಯ ಅಧಿಪತಿಯಾಗಿ ಬಂದರು. ನಕ್ಷತ್ರಗಳ ಕಾಂತಿಗೆ ಇಂದು ಲೋಕವೆಲ್ಲ ಬಳಸುವ ಅಳತೆಗೋಲನ್ನು 1856ರಲ್ಲಿ ಸೂಚಿಸಿದವರು ಇವರೇ. ಐದು ದರ್ಜೆಯ ವ್ಯತ್ಯಾಸವೆಂದರೆ ಬೆಳಕಿನಲ್ಲಿ ನೂರು ಪಟ್ಟು ವ್ಯತ್ಯಾಸ; ದರ್ಜೆಯ ಅಂಕಿ ಏರಿದಷ್ಟೂ ನಕ್ಷತ್ರ ಮಂಕು. ಬರಿಗಣ್ಣಿಗೆ ಕಾಣುವುದು ಆರನೆಯ ದರ್ಜೆಯವರೆಗೆ ಮಾತ್ರ. ಕಾಂತಿ ಏರಿ ಇಳಿಯುವ ನಕ್ಷತ್ರಗಳಲ್ಲಿ ಪೋಗ್ಸನ್ನರಿಗೆ ವಿಶೇಷ ಆಸಕ್ತಿ. ಅಧಿಪತಿಯ ಈ ಆಸಕ್ತಿ ಸಹಾಯಕರಿಗೂ ಹತ್ತಿತು. ರಘುನಾಥಾಚಾರಿಗಳು ಕ್ರಮವಾಗಿ ಮೇಲೇರಿ ಪೋಗ್ಸನ್ನರ ಮೊದಲನೆಯ ಸಹಾಯಕರಾದರು.

1867ರಲ್ಲಿ ಅವರು ತಮ್ಮ ಹೆಸರನ್ನು ಉಳಿಸಿದ ಶೋಧವನ್ನು ಮಾಡಿದರು. ದಕ್ಷಿಣದ ಆಕಾಶದಲ್ಲಿ ಜಾಲವೆಂಬ ಪುಟ್ಟ ರಾಶಿಯೊಂದಿದೆ. ಪಾಶ್ಚಾತ್ಯರು ಅದನ್ನು ರೆಟಿಕ್ಯುಲಂ ಎನ್ನುತ್ತಾರೆ. ದೂರದರ್ಶಕದ ಕಣ್ಣಿನಲ್ಲಿರುವ ತಂತುಗಳ ಜಾಲದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಆ ರಾಶಿಯ ಒಂದು ನಕ್ಷತ್ರ ಒಂದೇ ಕಾಂತಿಯಲ್ಲಿ ನಿಲ್ಲದೆ ಬದಲಾಗುತ್ತಿದೆಯೆಂಬುದನ್ನು ಅವರು ಕಂಡುಹಿಡಿದರು. ಒಂದೊಂದು ರಾಶಿಯಲ್ಲಿಯೂ ಮೊದಲು ದೊರೆತ ಇಂಥ ನಕ್ಷತ್ರಕ್ಕೆ ಆರ್ ಎಂಬ ಅಕ್ಷರವನ್ನು ಕೊಡುವುದು ವಾಡಿಕೆಯಾದ ಕಾರಣ ಅದು ಆರ್ ರೆಟಿಕ್ಯುಲೈ ಎನಿಸಿತು. ಆಧುನಿಕ ಕಾಲದಲ್ಲಿ ಭಾರತೀಯರೊಬ್ಬರು ಇಂಥ ನಕ್ಷತ್ರವನ್ನು ಶೋಧಿಸಿದ್ದು ಅದೇ ಮೊದಲು.

ಆ ನಕ್ಷತ್ರದ ಕಾಂತಿ ಸುಮಾರು 278 ದಿನಗಳಿಗೊಮ್ಮೆ ಒಂದು ಸುತ್ತು ಮುಗಿಸುತ್ತದೆಂದು ಈಗ ತಿಳಿದಿದೆ. ಏರಿದಾಗ ಆರೂವರೆ ದರ್ಜೆ. ಬರಿಗಣ್ಣಿಗೆ ಕೂದಲೆಳೆಯಷ್ಟರಲ್ಲಿ ತಪ್ಪಿಹೋಗುವ ಮಂಕು. ಇಳಿದಾಗ ಹದಿನಾಲ್ಕನೆಯ ದರ್ಜೆ. ಪೋಗ್ಸನ್ನರ ಅಳತೆಯಲ್ಲಿ ಈ ಏಳೂವರೆ ದರ್ಜೆ ಎಂದರೆ ಬೆಳಕಿನಲ್ಲಿ ಸಾವಿರ ಪಟ್ಟು ವ್ಯತ್ಯಾಸ. ಮದರಾಸಿನಿಂದ ನೋಡುವಾಗ ಅದು ದಕ್ಷಿಣ ದಿಕ್ಕಿನಲ್ಲಿ ದಿಗಂತಕ್ಕಿಂತ ಹದಿನಾಲ್ಕು ಅಂಶ ಮಾತ್ರ ಮೇಲೇರುತ್ತದೆ. ಕಡಲ ಕಡೆಯ ಮಬ್ಬಿನಲ್ಲಿ, ಅಷ್ಟು ಕೆಳಗೆ, ಸಾವಿರಾರು ಚುಕ್ಕೆಗಳ ನಡುವೆ ಒಂದು ಚುಕ್ಕೆ ತನ್ನ ಬೆಳಕನ್ನು ಬದಲಿಸಿತೆಂದು ಗುರುತಿಸಬೇಕಾದರೆ ಕಣ್ಣಿನ ಜತೆಗೆ ಪಟ್ಟಿಯನ್ನು ನಂಬಿಕೆಯಿಂದ ಇಟ್ಟಿರಬೇಕು. ನಿನ್ನೆಯ ಲೆಕ್ಕ ಸರಿಯಾಗಿದ್ದವನಿಗೆ ಮಾತ್ರ ಇಂದಿನ ವ್ಯತ್ಯಾಸ ಕಾಣುತ್ತದೆ.

ಮರುವರ್ಷ, 1868ರ ಆಗಸ್ಟ್ 18ರಂದು, ದಖ್ಖಣವನ್ನು ಅಡ್ಡ ಹಾಯ್ದ ಖಗ್ರಾಸ ಸೂರ್ಯಗ್ರಹಣವಾಯಿತು. ಲೋಕದ ನಾನಾ ಕಡೆಯ ವಿದ್ವಾಂಸರು ಇಲ್ಲಿಗೆ ಬಂದಿಳಿದರು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ, ಪೋಗ್ಸನ್ ಮಚಲೀಪಟ್ಟಣದಲ್ಲಿ, ಜಾನ್ ಹರ್ಷಲ್ ನಮ್ಮ ಜಮಖಂಡಿಯಲ್ಲಿ ಬೀಡು ಬಿಟ್ಟರು. ನಿಜಾಮರ ಸೀಮೆಯ ವನಪರ್ತಿಗೆ ಹೋದ ಮದರಾಸು ವೇಧಶಾಲೆಯ ತಂಡಕ್ಕೆ ರಘುನಾಥಾಚಾರಿಗಳೇ ಮುಖ್ಯಸ್ಥರು. ಕೆಳದರ್ಜೆಯಲ್ಲಿ ಸೇರಿದವರು ಈಗ ತಂಡದ ನಾಯಕರಾಗಿದ್ದರು. ಆ ಗ್ರಹಣದ ಕಾಲದಲ್ಲಿ ಸೂರ್ಯನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದಾಗ ಕಂಡ ಹಳದಿ ಗೆರೆಯೊಂದು ಮುಂದೆ ಹೊಸ ಮೂಲವಸ್ತುವಿನ ಸುಳಿವಾಯಿತು. ಅದೇ ಹೀಲಿಯಂ. ಈ ಹೀಲಿಯಂ ನಮ್ಮ ಕಥೆಯಲ್ಲಿ ಮತ್ತೊಮ್ಮೆ ಬರಲಿದೆಯಾದ್ದರಿಂದ ವಾಚಕರು ಹೆಸರನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಆಚಾರಿಗಳ ನಿಜವಾದ ಧೈರ್ಯ ಕಂಡದ್ದು ಪಂಚಾಂಗದ ವಿಷಯದಲ್ಲಿ. ಹಿಂದಿನವರು ಕೊಟ್ಟ ಸೂತ್ರಗಳಿಂದ ಗಣಿಸುತ್ತ ಬಂದರೆ ಶತಮಾನಗಳು ಕಳೆದಂತೆ ಸಣ್ಣ ತಪ್ಪು ಕೂಡಿ ದೊಡ್ಡದಾಗುತ್ತದೆ. ಪಂಚಾಂಗದಲ್ಲಿ ಬರೆದ ಗ್ರಹಣದ ವೇಳೆಗೂ ಆಕಾಶದಲ್ಲಿ ಹಿಡಿದ ಗ್ರಹಣದ ವೇಳೆಗೂ ಹೊಂದಿಕೆ ತಪ್ಪುತ್ತದೆ. ಕಣ್ಣಿಗೆ ಕಂಡದ್ದರೊಡನೆ ಗಣಿತ ಕೂಡಬೇಕೆಂಬುದು ಅವರ ನಿಲುವು. ಆದ್ದರಿಂದ ವೇಧಶಾಲೆಗಳ ಶುದ್ಧವಾದ ಅಂಕಿಗಳನ್ನು ಆಧಾರವಾಗಿಟ್ಟುಕೊಂಡು ಅವರು ದೃಗ್ಗಣಿತ ಪಂಚಾಂಗವನ್ನು ಪ್ರಕಟಿಸುತ್ತ ಬಂದರು. ಇದು ಸಣ್ಣ ಮಾತಲ್ಲ. ಏಕಾದಶಿ ಇಂದೋ ನಾಳೆಯೋ, ತಂದೆಯ ಶ್ರಾದ್ಧ ಯಾವ ದಿನ, ಮುಹೂರ್ತ ಯಾವ ಘಳಿಗೆ, ಇವು ಮನೆಮನೆಯ ಪ್ರಶ್ನೆಗಳು. ತಲೆತಲಾಂತರದಿಂದ ಪಂಚಾಂಗವನ್ನೇ ಬಾಳಿಗೆ ಆಧಾರ ಮಾಡಿಕೊಂಡ ಮನೆತನದವರು, ಹಳೆಯ ಅಂಕಿಗಳು ಆಕಾಶದೊಡನೆ ಹೊಂದುವುದಿಲ್ಲವೆಂದು ತಮ್ಮವರ ಮುಂದೆಯೇ ಹೇಳಬೇಕಾಯಿತು. ಅವರು ಶಾಸ್ತ್ರವನ್ನು ಬಿಟ್ಟವರಲ್ಲ. ಶಾಸ್ತ್ರಕ್ಕೆ ಕಣ್ಣನ್ನು ಕೂಡಿಸಿದವರು. ಈ ವಾಕ್ಯ ಮತ್ತು ದೃಕ್ ಪಕ್ಷಗಳ ಚರ್ಚೆ ತಮಿಳು ನಾಡಿನಲ್ಲಿ ಇನ್ನೂ ಮುಗಿದಿಲ್ಲ. ತ್ರಿಪ್ಲಿಕೇನಿನ ಬೀದಿಯಲ್ಲಿ ಪಂಚಾಂಗ ಕೊಳ್ಳಲು ಹೋದವರಿಗೆ ಅದು ಗೊತ್ತಿರುವ ಸಂಗತಿಯೇ.

1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯು ಅವರನ್ನು ತನ್ನ ಫೆಲೋ ಆಗಿ ಆರಿಸಿತು. ಆ ಸಂಸ್ಥೆಯ ಪಟ್ಟಿಗೆ ಸೇರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಆಳುವವರೂ ಆಳಿಸಿಕೊಳ್ಳುವವರೂ ಬೇರೆಬೇರೆ ಪಂಕ್ತಿಯಲ್ಲಿ ಕುಳಿತಿದ್ದ ಕಾಲದಲ್ಲಿ ಸಹಾಯಕರೊಬ್ಬರ ಹೆಸರು ಆ ಪಟ್ಟಿಗೆ ಏರಿತು. ಇನ್ನೊಂದು ಸಂಗತಿಯನ್ನೂ ಮೆಚ್ಚಿ ಹೇಳಬೇಕು. ಜಾಲರಾಶಿಯ ಶೋಧವನ್ನು ಅಧಿಪತಿಗಳು ತಮ್ಮದೆಂದು ಬರೆದುಕೊಳ್ಳಲಿಲ್ಲ. ಕಂಡವರ ಹೆಸರಿನಲ್ಲಿಯೇ ಅದು ಲೋಕಕ್ಕೆ ಹೋಯಿತು. ಕೆಲಸ ಒಬ್ಬರದು, ಹೆಸರು ಒಬ್ಬರದು ಆಗುವುದನ್ನು ಹೋಟೆಲಿನಲ್ಲಿಯೂ ಕಚೇರಿಯಲ್ಲಿಯೂ ನಿತ್ಯ ಕಾಣುವ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ.

ಇನ್ನು ಕನ್ನಡದ ವಿಷಯ. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಚಿಕ್ಕ ಕಪ್ಪು ಚುಕ್ಕೆಯಾಗಿ ಹಾದುಹೋಗುವುದಿತ್ತು. ಹಿಂದೆ 1769ರಲ್ಲಿ ಆದ ಮೇಲೆ ನೂರೈದು ವರ್ಷ ಹೀಗಾಗಿರಲಿಲ್ಲ. ಭೂಮಿಯ ಬೇರೆಬೇರೆ ಮೂಲೆಗಳಿಂದ ನೋಡುವವರಿಗೆ ಶುಕ್ರ ಸೂರ್ಯನ ಮೇಲೆ ಹಾಯುವ ದಾರಿ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಆ ಸ್ವಲ್ಪ ವ್ಯತ್ಯಾಸದಿಂದ ಸೂರ್ಯನ ದೂರವನ್ನು ಗಣಿಸಬಹುದು. ಈ ದೂರ ಸುಮಾರು 14 ಕೋಟಿ 96 ಲಕ್ಷ ಕಿಲೋಮೀಟರು. ಆಕಾಶದ ದೂರಗಳೆಂಬ ಏಣಿಗೆ ಇದೇ ಮೊದಲನೆಯ ಮೆಟ್ಟಿಲು. ಆಚಾರಿಗಳು ಈ ಸಂಕ್ರಮವನ್ನು ಜನಕ್ಕೆ ತಿಳಿಸಲು ಇಂಗ್ಲಿಷಿನಲ್ಲಿ ಕಿರುಹೊತ್ತಗೆಯನ್ನು ಬರೆದು, ದೇಶಭಾಷೆಗಳಲ್ಲಿಯೂ ಹೊರತಂದರು. ಅವುಗಳಲ್ಲಿ ಕನ್ನಡವೂ ಒಂದು.

ಮದರಾಸಿನವರಿಗೆ ಕನ್ನಡದ ಹೊತ್ತಗೆ ಏಕೆ ಬೇಕಾಯಿತೆಂದು ಇಂದಿನ ಎಳೆಯರು ಕೇಳಬಹುದು. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದರಾಸು ಸಂಸ್ಥಾನಕ್ಕೆ ಸೇರಿದ್ದುವು. ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡುಗಳಿಗೆ ಕೋಟೆಯ ಆಜ್ಞೆ ಇಲ್ಲಿಂದ ಹೋಗುತ್ತಿತ್ತು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ದಕ್ಷಿಣ ಕನ್ನಡ 1956ರಲ್ಲಿ. ನಮ್ಮ ಹಿರಿಯರು ಮದರಾಸಿಗೆ ಬಂದದ್ದು ಪರದೇಶಕ್ಕಲ್ಲ, ತಮ್ಮದೇ ಸೀಮೆಯ ರಾಜಧಾನಿಗೆ. ಆ ಸೀಮೆಯಲ್ಲಿ ಕನ್ನಡ ಮಾತಾಡುವ ಜನರಿದ್ದಾರೆ, ಅವರಿಗೂ ಆಕಾಶದ ಸುದ್ದಿ ತಿಳಿಯಬೇಕು ಎಂದು 1874ರಲ್ಲಿ ಎಣಿಸಿದ ವಿಜ್ಞಾನಿಯೊಬ್ಬರು ಇದ್ದರೆಂಬುದು ನಮಗೆ ಹೆಮ್ಮೆಯ ವಿಷಯ. ಬಹುಕಾಲ ಮರೆತಿದ್ದ ಈ ಜೀವನವನ್ನು ನಮ್ಮ ಕಾಲದಲ್ಲಿ ಬೆಳಕಿಗೆ ತಂದವರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಬಿ. ಎಸ್. ಶೈಲಜಾ ಅವರೂ ಒಬ್ಬರು. ಆಚಾರಿಗಳ ಮೇಲೆ ಅವರು ಪುಸ್ತಕವನ್ನೇ ಬರೆದಿದ್ದಾರೆ.

ವರ್ಷಗಳ ನಿದ್ದೆಗೇಡು ಯಾರ ದೇಹವನ್ನೂ ಬಿಡದು. ಕೊನೆಯ ದಿನಗಳಲ್ಲಿ ಆಚಾರಿಗಳ ಆರೋಗ್ಯ ಕೆಟ್ಟಿತು. 1880ರ ಫೆಬ್ರುವರಿ 5ರಂದು ಅವರು ತೀರಿಕೊಂಡರು. 1882ರಲ್ಲಿ ನಡೆದ ಮುಂದಿನ ಶುಕ್ರಸಂಕ್ರಮಕ್ಕೆ ಅವರು ಉಳಿದಿರಲಿಲ್ಲ. ಪೋಗ್ಸನ್ನರು 1891ರಲ್ಲಿ ಗತಿಸಿದರು. ಖಗೋಳದ ಕೆಲಸ 1899ರಲ್ಲಿ ಕೋಡೈಕನಾಲಿಗೆ ಹೋಯಿತು. ಆ ಪರಂಪರೆಯ ಇಂದಿನ ವಾರಸುದಾರ ಸಂಸ್ಥೆಯಾದ ಭಾರತೀಯ ಖಭೌತ ಸಂಸ್ಥೆ ಬೆಂಗಳೂರಿನಲ್ಲಿದೆ. ಮದರಾಸು ವೇಧಶಾಲೆಯ ಹಳೆಯ ಕಾಗದಪತ್ರಗಳು ಹೀಗೆ ಕನ್ನಡ ನಾಡಿಗೆ ಬಂದು ಸೇರಿದುವು.

ಜೀವನಚರಿತ್ರೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಅವರು ಕಂಡ ನಕ್ಷತ್ರದ ಕಥೆ ಮುಗಿದಿಲ್ಲವಾದ್ದರಿಂದ ಇನ್ನು ಸ್ವಲ್ಪ ಹೇಳುತ್ತೇವೆ. ಅದು ಎಂಥ ನಕ್ಷತ್ರವೆಂಬುದು ಅವರಿಗೆ ತಿಳಿಯುವ ಸಂಭವವಿರಲಿಲ್ಲ. ಆ ಜ್ಞಾನ ಹುಟ್ಟಿದ್ದೇ ಇಪ್ಪತ್ತನೆಯ ಶತಮಾನದಲ್ಲಿ. ಅದೊಂದು ಕೆಂಪು ದೈತ್ಯ ನಕ್ಷತ್ರ. ಸೂರ್ಯನಂಥ ನಕ್ಷತ್ರವು ತನ್ನ ಒಡಲಿನ ಜಲಜನಕವನ್ನು ಉರಿಸಿ ಹೀಲಿಯಂ ಮಾಡುತ್ತ ಬಾಳುತ್ತದೆ. ನಡುವಿನ ಜಲಜನಕ ತೀರಿದ ಮೇಲೆ ಹೀಲಿಯಂ ಬೂದಿಯಂತೆ ಅಲ್ಲಿ ಕೂಡಿ ಕುಗ್ಗುತ್ತದೆ. ಹೊರಮೈ ಮಾತ್ರ ಉಬ್ಬಿ, ತಣ್ಣಗಾಗಿ, ಕೆಂಪೇರುತ್ತದೆ. ಇದು ನಕ್ಷತ್ರದ ಮುಪ್ಪು.

ಈ ಮುಪ್ಪಿನಲ್ಲಿ ಒಂದು ನಿಯಮವಿದೆ. ಹೀಲಿಯಂ ಕೂಡುತ್ತ ಹೋದಂತೆ ನಕ್ಷತ್ರದ ಬೆಳಕು ಏರುತ್ತ ಹೋಗುತ್ತದೆ. ಆ ಗರ್ಭದ ತೂಕ ಸೂರ್ಯನ ತೂಕದ ಅರ್ಧಕ್ಕಿಂತ ಕೊಂಚ ಕಡಮೆಯಾಗುವ ಹೊತ್ತಿಗೆ, ಉಷ್ಣತೆ ಹತ್ತು ಕೋಟಿ ಡಿಗ್ರಿ ಮುಟ್ಟಿ, ಹೀಲಿಯಂ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಅಲ್ಲಿಗೆ ಏರಿಕೆ ನಿಂತು ನಕ್ಷತ್ರದ ಹೊರಬೆಳಕು ಇಳಿಯುತ್ತದೆ. ಒಂದೇ ಅಳತೆಯ ಪಾತ್ರೆಗಳಲ್ಲಿ ಹಾಲು ಕಾಯಿಸುವ ನಮ್ಮ ಅಡಿಗೆಯವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಯಾವ ಒಲೆಯ ಮೇಲಾದರೂ ಹಾಲು ಉಕ್ಕುವುದು ಅದೇ ಅಂಚಿನಲ್ಲಿ. ಹಾಗೆಯೇ ಸೂರ್ಯನಂಥ ಕಡಮೆ ತೂಕದ ಮುದಿ ನಕ್ಷತ್ರಗಳೆಲ್ಲವೂ ಹೆಚ್ಚುಕಡಮೆ ಒಂದೇ ಬೆಳಕಿನ ಅಂಚಿಗೆ ಮುಟ್ಟಿ ಹಿಂದಿರುಗುತ್ತವೆ.

ಈ ಅಂಚಿನಿಂದ ದೂರವನ್ನು ಅಳೆಯುವುದು ಹೇಗೆ? ಮೆರೀನಾ ರಸ್ತೆಯ ದೀಪಗಳನ್ನು ನೆನೆಯೋಣ. ಎಲ್ಲವೂ ಒಂದೇ ಶಕ್ತಿಯ ದೀಪಗಳು. ಹತ್ತಿರದ್ದು ಪ್ರಖರ, ದೂರದ್ದು ಮಂಕು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು, ಮೂರರಷ್ಟಾದರೆ ಒಂಬತ್ತರಲ್ಲೊಂದು. ದೀಪದ ನಿಜವಾದ ಶಕ್ತಿ ಗೊತ್ತಿದ್ದರೆ ಕಾಣುವ ಮಂಕಿನಿಂದಲೇ ದೂರ ಹೇಳಬಹುದು. ನೆರೆಯ ಗೆಲಾಕ್ಸಿಯೊಂದರ ಹೊರವಲಯದ ಕೆಂಪು ದೈತ್ಯಗಳನ್ನೆಲ್ಲ ಕಾಂತಿಯ ಕ್ರಮದಲ್ಲಿ ಪಟ್ಟಿ ಮಾಡಿದರೆ ಒಂದು ದರ್ಜೆಯಿಂದ ಮೇಲಕ್ಕೆ ಅವುಗಳ ಸಂಖ್ಯೆ ಥಟ್ಟನೆ ಇಳಿದುಬಿಡುತ್ತದೆ. ಅದೇ ಉಕ್ಕುವ ಅಂಚು. ಅದು ಎಷ್ಟು ಮಂಕಾಗಿ ಕಾಣುತ್ತದೆಂಬುದೇ ಗೆಲಾಕ್ಸಿಯ ದೂರ. 1993ರಲ್ಲಿ ಲೀ, ಫ್ರೀಡ್‌ಮನ್, ಮಡೋರ್ ಎಂಬ ಮೂವರು ಈ ಅಂಚನ್ನು ಗುರುತಿಸುವ ಕ್ರಮವನ್ನು ಖಚಿತಗೊಳಿಸಿದರು.

ಆಚಾರಿಗಳ ನಕ್ಷತ್ರ ಈ ಮೆಟ್ಟಿಲನ್ನೂ ದಾಟಿದ್ದು. ಗರ್ಭದ ಹೀಲಿಯಂ ಕೂಡ ತೀರಿದ ಮೇಲೆ ನಕ್ಷತ್ರವು ಎರಡನೆಯ ಸಲ ದೈತ್ಯವಾಗಿ, ಎದೆಯುಸಿರಿನಂತೆ ಉಬ್ಬುತ್ತ ಕುಗ್ಗುತ್ತ ಇರುತ್ತದೆ. ಇಂಥವನ್ನು ಮೀರಾ ಜಾತಿಯ ನಕ್ಷತ್ರಗಳೆನ್ನುತ್ತಾರೆ. ಬೇರೊಂದು ಜಾತಿಯ ಚರಕಾಂತಿಯ ನಕ್ಷತ್ರಗಳಲ್ಲಿ ಸುತ್ತಿನ ಕಾಲ ಹೆಚ್ಚಿದಷ್ಟೂ ನಿಜವಾದ ಬೆಳಕು ಹೆಚ್ಚೆಂಬುದನ್ನು 1912ರಲ್ಲಿ ಅಮೆರಿಕದ ಹೆನ್ರಿಯೆಟಾ ಲೀವಿಟ್ ತೋರಿಸಿಕೊಟ್ಟಿದ್ದರು. ಆಕೆಯೂ ಗಂಟೆಗೆ ಮೂವತ್ತು ಸೆಂಟಿನ ಕೂಲಿಗೆ ವೇಧಶಾಲೆಯಲ್ಲಿ ಪಟ್ಟಿ ಬರೆಯುತ್ತಿದ್ದ ಸಹಾಯಕಿ. ಮೀರಾ ನಕ್ಷತ್ರಗಳಿಗೂ ಅಂಥ ನಿಯಮವುಂಟೆಂದು 1981ರಲ್ಲಿ ದಕ್ಷಿಣ ಆಫ್ರಿಕದ ಖಗೋಳಜ್ಞರು ಕಂಡುಕೊಂಡರು. ಅವರು ನೋಡಿದ್ದು ದೊಡ್ಡ ಮೆಗಲನ್ ಮೋಡವೆಂಬ ನೆರೆಯ ಗೆಲಾಕ್ಸಿಯ ಮೀರಾಗಳನ್ನು. ಅದು ಸುಮಾರು 1 ಲಕ್ಷ 62 ಸಾವಿರ ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶದಲ್ಲಿ ಜಾಲರಾಶಿಯ ನೆರೆಮನೆ.

ಇಷ್ಟೇ ಅಲ್ಲ. 2020ರಲ್ಲಿ ಹಬಲ್ ದೂರದರ್ಶಕದ ಚಿತ್ರಗಳಿಂದ ಎನ್‌ಜಿಸಿ 1559 ಎಂಬ ಗೆಲಾಕ್ಸಿಯ ಮೀರಾ ನಕ್ಷತ್ರಗಳನ್ನು ಆಯ್ದು ಅದರ ದೂರವನ್ನು ಅಳೆದರು. ಸುಮಾರು ಆರು ಕೋಟಿ ಜ್ಯೋತಿರ್ವರ್ಷವೆಂದು ಉತ್ತರ ಬಂತು. ಈ ಗೆಲಾಕ್ಸಿ ಇರುವುದು ಅದೇ ಜಾಲರಾಶಿಯಲ್ಲಿ. ರಘುನಾಥಾಚಾರಿಗಳು 1867ರಲ್ಲಿ ಗುರುತಿಸಿದ ನಕ್ಷತ್ರಕ್ಕೂ ಇದಕ್ಕೂ ಕಣ್ಣಿಗೆ ಕಾಣುವ ಅಂತರ ಎರಡು ಅಂಶವೂ ಇಲ್ಲ. ನಾಲ್ಕು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟರೆ ಮುಚ್ಚಿಹೋಗುವಷ್ಟು. ನಕ್ಷತ್ರ ನಮ್ಮ ಆಕಾಶಗಂಗೆಯದು, ಗೆಲಾಕ್ಸಿ ಅದಕ್ಕಿಂತ ಎಷ್ಟೋ ಹಿಂದೆ ಇರುವುದು. ಆದರೂ ಒಂದೇ ಕಿಟಕಿಯಲ್ಲಿ ಎರಡೂ ಕಾಣುತ್ತವೆ. ಅವರು ಕಂಡದ್ದು ಯಾವ ಜಾತಿಯ ನಕ್ಷತ್ರವೋ ಅದೇ ಜಾತಿಯವು ಅಲ್ಲಿ ಅಳತೆಗೋಲಾದುವು.

ಈ ಅಳತೆಯಿಂದ ಆಗುವ ಪ್ರಯೋಜನವೇನೆಂದು ಕೇಳುವವರಿಗೆ ಗುಮಾಸ್ತರ ಭಾಷೆಯಲ್ಲಿಯೇ ಉತ್ತರ ಹೇಳಬಹುದು. ವಿಶ್ವವು ಹಿಗ್ಗುತ್ತಿದೆ, ಎಷ್ಟು ವೇಗದಿಂದ ಎಂಬುದಕ್ಕೆ ಎರಡು ಲೆಡ್ಜರುಗಳು ಬೇರೆಬೇರೆ ಮೊತ್ತ ತೋರಿಸುತ್ತಿವೆ. ಆದಿಕಾಲದ ಬೆಳಕಿನಿಂದ ಗಣಿಸಿದವರಿಗೆ, 32 ಲಕ್ಷ 60 ಸಾವಿರ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 67 ಕಿಲೋಮೀಟರಿನಂತೆ ಬರುತ್ತದೆ. ಲೀವಿಟ್ಟರ ಜಾತಿಯ ನಕ್ಷತ್ರಗಳಿಂದ ಮೆಟ್ಟಿಲು ಹತ್ತಿದವರಿಗೆ ಸುಮಾರು 73. ಕೆಂಪು ದೈತ್ಯಗಳ ಅಂಚನ್ನು ಹಿಡಿದವರಿಗೆ 2019ರಲ್ಲಿ ಸುಮಾರು 70 ಬಂತು. 2020ರಲ್ಲಿ ಮೀರಾಗಳಿಂದ ಸುಮಾರು 73 ಬಂದರೂ ಅದರಲ್ಲಿ ನಾಲ್ಕರಷ್ಟು ಹೆಚ್ಚುಕಡಮೆಗೆ ಎಡೆಯಿದೆ. ತಪ್ಪು ಲೆಕ್ಕ ಬರೆದವರದೋ, ವಿಶ್ವದ ವಿಚಾರವಾಗಿ ನಾವು ಹಿಡಿದ ಸಿದ್ಧಾಂತದ್ದೋ ಎಂಬುದು ತೀರ್ಮಾನವಾಗಿಲ್ಲ. ಪಂಚಾಂಗವೂ ಆಕಾಶವೂ ಹೊಂದದಿದ್ದಾಗ ಆಚಾರಿಗಳು ಕೇಳಿದ ಪ್ರಶ್ನೆಯೂ ಇದೇ. ಅಂದಿನಂತೆ ಇಂದೂ ಉತ್ತರ ದೊರೆಯಬೇಕಾದದ್ದು ಮತ್ತೊಮ್ಮೆ ನೋಡಿ, ಮತ್ತೊಮ್ಮೆ ಅಳೆಯುವುದರಿಂದ.

ನಮ್ಮ ತ್ರಿಪ್ಲಿಕೇನಿಗೂ ಈ ಕಥೆಯಲ್ಲಿ ಒಂದು ಪಾಲಿದೆ. ಇಲ್ಲಿಯ ಹಿಂದೂ ಹೈಸ್ಕೂಲಿನಲ್ಲಿ 1922ರಿಂದ ಓದಿದ ಬಾಲಕ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮುಂದೆ ನೊಬೆಲ್ ಪಾರಿತೋಷಿಕ ಪಡೆದದ್ದು ಎಲ್ಲರಿಗೂ ಗೊತ್ತು. ಉರಿ ಆರಿದ ಹೀಲಿಯಂ ಗರ್ಭವು ಎಷ್ಟು ಭಾರದವರೆಗೆ ಮೇಲಿನ ಹೊರೆಯನ್ನು ತಾಳಬಲ್ಲದೆಂಬುದನ್ನು ಅವರು ಷೋನ್‌ಬರ್ಗರೊಡನೆ 1942ರಲ್ಲಿ ಗಣಿಸಿ ತೋರಿಸಿದರು. ನಕ್ಷತ್ರಗಳು ದೈತ್ಯವಾಗುವ ಕಾರಣವನ್ನು ತಿಳಿಯಲು ಅದು ಮುಖ್ಯವಾದ ಕೀಲಿಯಾಯಿತು. ನುಂಗಂಬಾಕದಲ್ಲಿ ಒಬ್ಬರು ಕೆಂಪು ದೈತ್ಯವೊಂದನ್ನು ಕಣ್ಣಿನಿಂದ ಕಂಡರು. ತ್ರಿಪ್ಲಿಕೇನಿನಲ್ಲಿ ಓದಿದ ಇನ್ನೊಬ್ಬರು ಅದರ ಒಡಲನ್ನು ಗಣಿತದಿಂದ ಕಂಡರು.

ಡಿಸೆಂಬರ್ ಕೊನೆಯ ರಾತ್ರಿಗಳಲ್ಲಿ ಹತ್ತು ಗಂಟೆಯ ಸುಮಾರಿಗೆ ಮಹಡಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಎಡಗಡೆಗೆ ಅಗಸ್ತ್ಯ ನಕ್ಷತ್ರ ಬೆಳಗುತ್ತಿರುತ್ತದೆ. ಅದರ ಬಲಕ್ಕೆ, ಇನ್ನೂ ಕೆಳಗೆ, ಸ್ಯಾಂತೋಮಿನ ಆಚೆಯ ಮಬ್ಬಿನಲ್ಲಿ ಜಾಲರಾಶಿ. ಆಚಾರಿಗಳ ನಕ್ಷತ್ರ ನಮ್ಮ ಬರಿಗಣ್ಣಿಗೆ ಕಾಣದು. ಇದ್ದ ಸ್ಥಳವನ್ನು ನೋಡಿ ನಮಸ್ಕರಿಸಬಹುದು. ಮದರಾಸು ಮತ್ತು ಉಡುಪಿ ಹೆಚ್ಚುಕಡಮೆ ಒಂದೇ ಅಕ್ಷಾಂಶದ ಊರುಗಳು. ಆದ್ದರಿಂದ ಇಲ್ಲಿ ಎಷ್ಟು ಎತ್ತರಕ್ಕೆ ಆ ನಕ್ಷತ್ರ ಬರುತ್ತದೆಯೋ ಅಲ್ಲಿಯೂ ಬಹುಮಟ್ಟಿಗೆ ಅಷ್ಟೇ ಎತ್ತರಕ್ಕೆ ಬರುತ್ತದೆ. ನಮ್ಮ ತಲೆಯ ಗೆರೆಯನ್ನು ದಾಟಿದ ಮೇಲೆ ಊರಿನ ಮನೆಯವರ ಗೆರೆಯನ್ನು ತಲುಪಲು ಅದಕ್ಕೆ ಬೇಕಾಗುವುದು ಸುಮಾರು ಇಪ್ಪತ್ತೆರಡು ನಿಮಿಷ ಮಾತ್ರ.